ಐತವಾರದ ಇಂಗ್ಲಿಷ್ ಮೇಷ್ಟ್ರು

ಇಂಗ್ಲಿಷ್ ಮೇಷ್ಟ್ರಿಗೆ ವಾರದಲ್ಲಿ ಆರು ದಿನ ಮರ್ಯಾದೆ. ಏಳನೆಯ ದಿನ ಅವನೂ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಯಾವ ಬಸ್ಸು ಎಲ್ಲಿಗೆ ಹೋಗುತ್ತದೆಂದು ಕಂಡಕಂಡವರನ್ನು ಕೇಳಿಕೊಂಡು ತಿರುಗಬೇಕು. ಯಾವ ಭಾಷೆಗೆ ಅವನಿಗೆ ಸಂಬಳ ಬರುತ್ತದೋ ಆ ಭಾಷೆ ಭಾನುವಾರ ರಜೆ ಹಾಕಿಬಿಡುತ್ತದೆ.

ಈ ಜ್ಞಾನೋದಯ ನನಗೆ ಆದದ್ದು ಮರಾಠವಾಡದ ನಿಲಂಗಾದಲ್ಲಿ. ನನ್ನ ಸಹಪಾಠಿಗೆ ಜಪಾನಿನ ಹಿಮೇಜಿಯಲ್ಲಿ. ಮಾನಸಗಂಗೋತ್ರಿಯ ಒಂದೇ ಬೆಂಚಿನಲ್ಲಿ ಕೂತು ಶೇಕ್ಸ್‌ಪಿಯರ್ ಓದಿದವರು ನಾವು. ಅವನು ಹಿಮೇಜಿಯ ಮಿಡ್ಲ್ ಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಮಾತಾಡಿಸುವ ಸಹಾಯಕ ಶಿಕ್ಷಕನಾಗಿ ವಿಮಾನ ಹತ್ತಿದ. ನಾನು ಅರಸೀಕೆರೆಯಿಂದ ರೈಲು, ಬಸ್ಸು, ಮತ್ತೆ ಬಸ್ಸು ಬದಲಿಸಿ ಲಾತೂರ ಜಿಲ್ಲೆಯ ಈ ತಾಲ್ಲೂಕು ಊರಿನ ಕೋಚಿಂಗ್ ಕ್ಲಾಸಿನಲ್ಲಿ ಇಂಗ್ಲಿಷ್ ಕಲಿಸಲು ಬಂದಿಳಿದೆ. ನಮ್ಮೂರಿನಲ್ಲಿ ಅಮ್ಮ ‘ಮಗ ಮಹಾರಾಷ್ಟ್ರದಲ್ಲಿದ್ದಾನೆ’ ಎಂದರೆ ಕೇಳಿದವರೆಲ್ಲ ಮುಂಬಯಿ ಎಂದೇ ತಿಳಿದು, ಸಮುದ್ರ ಮನೆಯಿಂದ ಎಷ್ಟು ದೂರ ಎಂದು ವಿಚಾರಿಸುತ್ತಿದ್ದರು. ಬೀದರಿನ ಗಡಿ ಎಷ್ಟು ಹತ್ತಿರ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅಮ್ಮನ ಗೌರವಕ್ಕೆ ಸ್ವಲ್ಪ ಧಕ್ಕೆಯಾಗುತ್ತಿತ್ತು.

ಸ್ಪರ್ಧೆ ಶುರುವಾದದ್ದು ಅವನಿಂದಲೇ. ಪ್ರತಿ ಭಾನುವಾರ ಸಂಜೆ ವಾಟ್ಸಾಪಿಗೆ ಫೋಟೋಗಳು ಬಂದು ಬೀಳುತ್ತಿದ್ದವು. ಇವತ್ತು ಕೋಟೆ, ಮುಂದಿನ ವಾರ ಜಿಂಕೆ, ಅದರಾಚೆ ಹೂವು. ಎಲ್ಲದರ ಕೆಳಗೂ ‘ನಿನ್ನದೇನು ವಿಶೇಷ?’ ಎಂಬ ಕುಟುಕು. ವಿಶೇಷ ಇರಲೇಬೇಕಾಯಿತು. ಇಲ್ಲದಿದ್ದರೆ ಭಾನುವಾರಗಳನ್ನು ಬಟ್ಟೆ ಒಗೆದು, ಮಲಗಿ ಕಳೆದುಬಿಡುವವನು ನಾನು.

ಮೊದಲು ಬಂದದ್ದು ಹಿಮೇಜಿಯ ಕೋಟೆ. ಬೆಳ್ಳಗೆ ಸುಣ್ಣದ ಗಾರೆ ಮೆತ್ತಿದ, ಚಾವಣಿಯ ಮೇಲೆ ಚಾವಣಿ ಏರಿಸಿದ ಆ ಕಟ್ಟಡಕ್ಕೆ ಅಲ್ಲಿನವರು ಬೆಳ್ಳಕ್ಕಿಯ ಹೆಸರಿಟ್ಟಿದ್ದಾರಂತೆ. ಈಗಿನ ರೂಪಕ್ಕೆ ಬಂದದ್ದು 1609ರಲ್ಲಿ. 1945ರಲ್ಲಿ ಊರೆಲ್ಲ ಬಾಂಬಿಗೆ ಸುಟ್ಟುಹೋದರೂ ಕೋಟೆ ಉಳಿಯಿತು. ಅದರ ಮೇಲೆ ಬಿದ್ದ ಬಾಂಬು ಸಿಡಿಯಲೇ ಇಲ್ಲ. ಇದಕ್ಕೆ ಎದುರು ನಾನು ಏನು ಇಡಲಿ? ಉದಗೀರದ ಬಸ್ಸು ಹತ್ತಿದೆ.

ಉದಗೀರದ ಕೋಟೆಗೆ ಬಿಳಿ ಗಾರೆ ಇಲ್ಲ, ಕರಿಕಲ್ಲಿನ ಬುರುಜುಗಳಿವೆ. ಸುತ್ತ ಆಳವಾದ ಕಂದಕ. ಒಳಗೆ ಉದಯಗಿರಿ ಬಾವಾನ ಸಮಾಧಿ. ಊರಿಗೆ ಹೆಸರು ಬಂದದ್ದೇ ಆತನಿಂದ ಎನ್ನುತ್ತಾರೆ. ಜೊತೆಗೆ ಬಂದಿದ್ದ ನನ್ನ ವಿದ್ಯಾರ್ಥಿ ಉದಗೀರದವನೇ. ತರಗತಿಯಲ್ಲಿ ಹಿಂದಿನ ಬೆಂಚು ಬಿಟ್ಟು ಅಲುಗಿದವನಲ್ಲ, ಬಾಯಿ ಬಿಟ್ಟವನೂ ಅಲ್ಲ. ಬುರುಜಿನ ಮೇಲೆ ಹತ್ತಿದ್ದೇ ತಡ ಹುಡುಗ ಬೇರೆಯೇ ಆದ. 1760ರ ಫೆಬ್ರುವರಿಯಲ್ಲಿ ಮರಾಠಾ ಸೇನಾಪತಿ ಸದಾಶಿವರಾವ ಭಾವೂ ನಿಜಾಮನ ಸೈನ್ಯವನ್ನು ಇಲ್ಲಿ ಹೇಗೆ ಸುತ್ತುವರಿದ, ಅವನ ಕಡೆಯ ಇಬ್ರಾಹಿಂ ಖಾನ್ ಗಾರ್ದಿಯ ತೋಪುಗಳು ಏನು ಮಾಡಿದವು, ನಿಜಾಮ ವರ್ಷಕ್ಕೆ ಅರವತ್ತು ಲಕ್ಷ ಹುಟ್ಟುವಳಿಯ ಸೀಮೆಯನ್ನು ಹೇಗೆ ಬರೆದುಕೊಡಬೇಕಾಯಿತು, ಅದರಲ್ಲಿ ಬಿಜಾಪುರ, ಅಹಮದನಗರ, ದೌಲತಾಬಾದು, ಬುರ್ಹಾನಪುರ ಹೇಗೆ ಸೇರಿದ್ದವು ಎಂದು ಒಂದೇ ಉಸಿರಿನಲ್ಲಿ ಹೇಳಿದ. ಮರಾಠಿಯಲ್ಲಿ ಆರಂಭಿಸಿ, ನನ್ನ ಮುಖ ನೋಡಿ ದಖ್ಖನಿ ಉರ್ದುವಿಗೆ ಇಳಿದು, ಅದೂ ಸಾಲದೆಂದು ಅಜ್ಜಿಯಿಂದ ಕಲಿತ ನಾಲ್ಕು ಕನ್ನಡ ಮಾತು ಸೇರಿಸಿದ. ಕೊನೆಗೆ ತನ್ನದೇ ಒಂದು ತೀರ್ಪನ್ನೂ ಕೊಟ್ಟ: ಇಲ್ಲಿ ಗೆದ್ದಿರದಿದ್ದರೆ ಭಾವೂಗೆ ಉತ್ತರದ ದಂಡಯಾತ್ರೆ ವಹಿಸುತ್ತಲೇ ಇರಲಿಲ್ಲ, ಮರುವರ್ಷದ ಜನವರಿಯಲ್ಲಿ ಅವನು ಪಾಣಿಪತದಲ್ಲಿ ಸಾಯುತ್ತಲೂ ಇರಲಿಲ್ಲ. ಗೆಲುವೇ ಅವನನ್ನು ಕೊಂದಿತು, ಸರ್.

ಇಂಥ ಮಾತನ್ನು ಎಂ.ಎ. ತರಗತಿಯಲ್ಲಿ ಗ್ರೀಕ್ ದುರಂತ ನಾಟಕದ ಬಗ್ಗೆ ನಾವು ಪುಟಗಟ್ಟಲೆ ಬರೆದಿದ್ದೆವು. ಹುಡುಗ ಕಂದಕದ ಮೇಲೆ ಕಾಲು ಇಳಿಬಿಟ್ಟು, ಕಡಲೆಕಾಯಿ ಸುಲಿಯುತ್ತ ಹೇಳಿ ಮುಗಿಸಿದ. ಹಿಮೇಜಿಗೆ ನಾನು ಕೋಟೆಯ ಚಿತ್ರದ ಜೊತೆ ಈ ವಾಕ್ಯವನ್ನೂ ಕಳಿಸಿದೆ. ಅವನಿಂದ ಬಹಳ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ಬರೆದ: ‘ನಮ್ಮ ಕೋಟೆಯಲ್ಲಿ ಎಲ್ಲ ವಿವರವೂ ಇಂಗ್ಲಿಷಿನಲ್ಲಿ ಬರೆದು ಹಾಕಿದ್ದಾರೆ. ಯಾರೂ ನನಗೆ ಕತೆ ಹೇಳುವುದಿಲ್ಲ.’

ಮುಂದಿನ ಸುತ್ತು ರೈಲು. ಅವನ ಊರಿನಲ್ಲಿ ಶಿಂಕಾನ್ಸೆನ್ ನಿಲ್ಲುತ್ತದೆ. ಇಲ್ಲಿ ನನಗಿರುವುದು ವಿಕಾರಾಬಾದಿನಿಂದ ಪರಳಿಗೆ ಹೋಗುವ ಮಾರ್ಗ. ಬೀದರ, ಭಾಲ್ಕಿ, ಕಮಲನಗರ, ಆಮೇಲೆ ಉದಗೀರ. ಕಮಲನಗರ ಕರ್ನಾಟಕ, ಉದಗೀರ ಮಹಾರಾಷ್ಟ್ರ. ನಡುವೆ ರಾಜ್ಯದ ಗಡಿ ಯಾವ ಹೊಲದಲ್ಲಿ ದಾಟಿತು ಎಂದು ಕಿಟಕಿಯಿಂದ ನೋಡಿ ಹೇಳುವುದು ಯಾರಿಂದಲೂ ಆಗದು. ಎರಡೂ ಕಡೆ ಅದೇ ಎರೆಭೂಮಿ, ಅದೇ ತೊಗರಿ, ಅದೇ ಸೋಯಾಬೀನ್.

ಆಗದಿರುವುದಕ್ಕೆ ಕಾರಣವೂ ಇದೆ. ಹೈದರಾಬಾದ್ ರಾಜ್ಯ ಇದ್ದಷ್ಟು ಕಾಲ ನಿಲಂಗಾ, ಉದಗೀರ, ಅಹಮದಪುರ ಮೂರೂ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. 1956ರ ನವೆಂಬರ್ 1ರಂದು ಆ ರಾಜ್ಯವನ್ನು ಒಡೆದು ಹಂಚಿದಾಗ ಬೀದರ, ಭಾಲ್ಕಿ, ಹುಮನಾಬಾದ, ಔರಾದ ಮೈಸೂರಿಗೆ ಬಂದವು. ಈ ಮೂರು ಮುಂಬಯಿ ರಾಜ್ಯಕ್ಕೆ ಹೋದವು. ಮೊದಲು ಉಸ್ಮಾನಾಬಾದ (ಈಗಿನ ಧಾರಾಶಿವ) ಜಿಲ್ಲೆ, 1982ರಿಂದ ಲಾತೂರ. ಜಿಲ್ಲಾ ಕಚೇರಿಯ ದಾರಿ ಬದಲಾಯಿತು, ಕಾಗದಪತ್ರದ ಭಾಷೆ ಬದಲಾಯಿತು. ಬದಲಾಗದೆ ಉಳಿದದ್ದು ಹೆಣ್ಣು ಕೊಡುವ ತರುವ ದಾರಿ.

ಇದನ್ನು ನನಗೆ ತಿಳಿಸಿದವರು ನನ್ನ ಮನೆಯ ಮಾಲಕಿ. ಬಂದ ಹೊಸದರಲ್ಲಿ ಅವರೊಡನೆ ಹರಕುಮುರುಕು ಹಿಂದಿಯಲ್ಲಿ ವ್ಯವಹಾರ ನಡೆಸುತ್ತಿದ್ದೆ. ಒಂದು ಸಂಜೆ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಅಡುಗೆಮನೆಯಿಂದ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಸರ, ನೀವು ನಮ್ಮವರೇ ಅದೀರಿ, ಮೊದಲೇ ಹೇಳಬಾರದೇನ್ರಿ? ನನ್ನ ತವರಮನಿ ಭಾಲ್ಕಿ ಅದ!” ಅಂದಿನಿಂದ ಬೀದಿಯ ಒಂದೊಂದೇ ಮನೆಯ ಗುಟ್ಟು ಬಯಲಾಯಿತು. ಎದುರು ಮನೆಯ ಅತ್ತೆಯ ತವರು ಔರಾದ, ಹಿಟ್ಟಿನ ಗಿರಣಿಯವರ ಸೊಸೆ ಬಸವಕಲ್ಯಾಣದವಳು, ಅಂಗಡಿಯಮ್ಮನ ಮಗಳನ್ನು ಕೊಟ್ಟದ್ದು ಹುಲಸೂರಿಗೆ. ಗಂಡಸರು ಕಟ್ಟೆಯ ಮೇಲೆ ಕೂತು ಮರಾಠಿಯಲ್ಲಿ ರಾಜಕಾರಣ ಮಾತಾಡುತ್ತಾರೆ. ಒಲೆಯ ಮುಂದೆ ಹೆಂಗಸರು ಕನ್ನಡದಲ್ಲಿ ಆ ಗಂಡಸರ ಬಗ್ಗೆ ಮಾತಾಡುತ್ತಾರೆ. ಮಗು ಎರಡೂ ಕಡೆ ಓಡಾಡಿಕೊಂಡು ಎರಡನ್ನೂ ಕಲಿಯುತ್ತದೆ, ಕಲಿತೆನೆಂದು ಗೊತ್ತೇ ಇಲ್ಲದೆ. ಇವರಿಗೆ ಮೂರನೆಯ ಭಾಷೆ ಕಲಿಸಲು ಎಂ.ಎ. ಮಾಡಿಕೊಂಡು ಬಂದ ನಾನು, ಆ ಮಗುವಿನ ವಿಧಾನವೇನೆಂದು ಇವತ್ತಿಗೂ ಪತ್ತೆ ಮಾಡುತ್ತಿದ್ದೇನೆ.

ರೈಲಿನಲ್ಲಿ ಕಮಲನಗರ ಬಂದಾಗ ಹಿರಿಯರೊಬ್ಬರು ಕೈ ಮುಗಿದರು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹುಟ್ಟಿದ ಊರು ಅದು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸುವುದು ಕಷ್ಟವಾದಾಗ, ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. ಈ ಕತೆ ಬೀದರ ಸೀಮೆಯಲ್ಲಿ ಕೇಳದವರಿಲ್ಲ. ನಾನು ನನ್ನ ಕೋಚಿಂಗ್ ಕ್ಲಾಸನ್ನು ನೆನೆದು ಸುಮ್ಮನಾದೆ. ನಮ್ಮಲ್ಲಿ ಹೊರಗೆ ದೊಡ್ಡಕ್ಷರದ ಇಂಗ್ಲಿಷ್ ಫಲಕ ಇದೆ. ಒಳಗೆ ನಡೆಯುವುದು ಅರ್ಧ ಹಿಂದಿ, ಕಾಲು ಮರಾಠಿ, ಉಳಿದ ಕಾಲು ಕೈಸನ್ನೆ. ಆ ಫಲಕದ ಹಿಂದೆ ಧೈರ್ಯವಿತ್ತು. ನಮ್ಮ ಫಲಕದ ಹಿಂದೆ ತಿಂಗಳ ಫೀಸಿದೆ.

ಜಿಂಕೆಯ ಸುತ್ತಿನಲ್ಲಿ ನಾನು ಸೋಲುತ್ತೇನೆಂದು ಅವನಿಗೆ ಖಾತ್ರಿಯಿತ್ತು. ಜಪಾನಿನ ನಾರಾ ಊರಿನ ಜಿಂಕೆಗಳು ದೇವರ ದೂತರೆಂದು ನಂಬಿಕೆ. ಬಿಸ್ಕತ್ತು ತೋರಿಸಿದರೆ ತಲೆ ಬಾಗಿಸಿ ನಮಸ್ಕಾರ ಮಾಡುತ್ತವೆ. ನಾನು ದೇವಣಿ ಹೋರಿಯ ಫೋಟೋ ಕಳಿಸಿದೆ. ಬಿಳಿ ಮೈ, ಕಪ್ಪು ಮಚ್ಚೆ, ಇಳಿಬಿದ್ದ ಉದ್ದ ಕಿವಿ. ತಳಿಗೆ ಹೆಸರು ಕೊಟ್ಟ ದೇವಣಿ ಊರು ಇಲ್ಲೇ ಇದೆ, ಉದಗೀರಕ್ಕೂ ನಿಲಂಗಾಕ್ಕೂ ನಡುವೆ. ಹಾಲಿಗೂ ಸೈ, ನೊಗಕ್ಕೂ ಸೈ. ಯಾರಿಗೂ ತಲೆ ಬಾಗಿಸುವುದಿಲ್ಲ. ಹಾಳಿ-ಹಂಡರಗುಳಿಯ ದನದ ಸಂತೆಯಲ್ಲಿ ನಾನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ದಲ್ಲಾಳಿಗಳ ಕೈಯನ್ನು. ಅಂದರೆ, ಕೈ ಮುಚ್ಚಿದ್ದ ಟವೆಲನ್ನು. ಕೊಳ್ಳುವವನೂ ಮಾರುವವನೂ ಟವೆಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿ ಬೆಲೆ ಮಾತಾಡುತ್ತಾರೆ. ಬೆರಳಿಗೊಂದು ಲೆಕ್ಕ. ಮುಖದ ಮೇಲೆ ಏನೂ ಕಾಣದು. ಲಾತೂರಿನವನು, ಬೀದರಿನವನು, ನಾಂದೇಡದವನು ಯಾರು ಬಂದರೂ ವ್ಯವಹಾರ ಕುದುರುತ್ತದೆ. ವ್ಯಾಕರಣವಿಲ್ಲ, ಉಚ್ಚಾರದ ಪಾಠವಿಲ್ಲ, ಫೀಸಿಲ್ಲ.

ಹೂವಿನ ಕಾಲ ಬಂತು. ಜಪಾನಿನಲ್ಲಿ ಚೆರ್ರಿ ಅರಳಿದಾಗ ಊರಿಗೆ ಊರೇ ಮರದ ಕೆಳಗೆ ಚಾಪೆ ಹಾಸಿ, ಬುತ್ತಿ ಬಿಚ್ಚಿ ಕೂತುಬಿಡುತ್ತದೆ. ಅವನು ಸಹೋದ್ಯೋಗಿಗಳ ನಡುವೆ ಮಂಡಿ ಮಡಚಿ ಕೂತ ಚಿತ್ರ ಕಳಿಸಿದಾಗ ನಾನು ಚಳಿಗಾಲದಿಂದ ಕಾಪಿಟ್ಟುಕೊಂಡಿದ್ದ ಬಾಣ ಬಿಟ್ಟೆ: ವೇಳ ಅಮಾವಾಸ್ಯೆ. ನಮ್ಮ ಬೀದರ ಕಲಬುರಗಿಯ ಎಳ್ಳ ಅಮಾವಾಸ್ಯೆಯೇ ಇಲ್ಲಿ ಲಾತೂರ, ಧಾರಾಶಿವ ಜಿಲ್ಲೆಗಳ ದೊಡ್ಡ ಹಬ್ಬ. ಅಂದು ಪೇಟೆ ಖಾಲಿ, ರಸ್ತೆ ಖಾಲಿ, ಕೋಚಿಂಗ್ ಕ್ಲಾಸೂ ಖಾಲಿ. ಹೊಲವಿದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಇದ್ದವರ ಹೊಲಕ್ಕೆ. ಕರೆಯದೆ ಹೋದರೂ ನಡೆಯುತ್ತದೆ. ಕರೆದವರ ಹೊಲಕ್ಕೆ ಹೋಗದಿದ್ದರೆ ಮಾತ್ರ ವರ್ಷವಿಡೀ ಮುನಿಸು.

ಜೋಳದ ಕಣಕಿಯಿಂದ ಕಟ್ಟಿದ ಪುಟ್ಟ ಗುಡಿಸಲು, ಒಳಗೆ ಸುಣ್ಣ ಬಳಿದ ಐದು ಕಲ್ಲು, ಅವೇ ಪಾಂಡವರು. ಪೂಜೆಯಾದ ಮೇಲೆ ಮನೆಯ ಯಜಮಾನ ಮಡಕೆಯ ಅಂಬಲಿಯನ್ನು ಬೆಳೆಗೆ ಚಿಮುಕಿಸುತ್ತ ಹೊಲ ಸುತ್ತುತ್ತಾನೆ. ಆಮೇಲೆ ಊಟ. ಹತ್ತಾರು ಕಾಯಿಪಲ್ಲೆ, ಕಾಳು, ಸೊಪ್ಪು ಎಲ್ಲವನ್ನೂ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಹುಳಿ ಹಿಡಿದ ಜೋಳದ ಅಂಬಲಿ. ಭಜ್ಜಿ ಎಂದರೆ ನಮ್ಮ ಕಡೆ ಎಣ್ಣೆಯಲ್ಲಿ ಕರಿದದ್ದೆಂದು ನಂಬಿ ಬಂದವನಿಗೆ ಎಲೆಯ ಮೇಲೆ ಇಡೀ ಹೊಲವನ್ನೇ ಬಡಿಸಿದರು. ಊಟ ಮುಗಿಸಿ ಏಳುವಷ್ಟರಲ್ಲಿ ಪಕ್ಕದ ಹೊಲದವರು ಬಂದು ಎಳೆದೊಯ್ದರು. ಅಲ್ಲಿಂದ ಅದರ ಪಕ್ಕದ ಹೊಲ. ‘ಬೇಡ’ ಎಂಬುದನ್ನು ನಾನು ಮರಾಠಿಯಲ್ಲಿ, ಕನ್ನಡದಲ್ಲಿ, ಹಿಂದಿಯಲ್ಲಿ ಹೇಳಿದೆ. ಅಡುಗೆ ಬಡಿಸುವ ಹೆಂಗಸಿಗೆ ಆ ಮಾತು ಯಾವ ಭಾಷೆಯಲ್ಲೂ ಕೇಳಿಸುವುದಿಲ್ಲ. ಈ ಸುತ್ತನ್ನು ನಾನೇ ಗೆದ್ದೆ ಎಂದು ಹಿಮೇಜಿಯವನೂ ಒಪ್ಪಿಕೊಂಡ. ಹೂವನ್ನು ತಿನ್ನಲಾಗುವುದಿಲ್ಲವಲ್ಲ.

ಹೀಗೆ ಆಟವಾಗಿದ್ದದ್ದು ಉಮರ್ಗಾದಲ್ಲಿ ಆಟವಾಗಿ ಉಳಿಯಲಿಲ್ಲ.

ಉಮರ್ಗಾ ಪುಣೆ-ಹೈದರಾಬಾದ್ ಹೆದ್ದಾರಿಯ ಊರು. ಹಗಲು ರಾತ್ರಿ ಲಾರಿ, ಢಾಬಾ, ಟೈರಿನಂಗಡಿ. ಒಳಗೆ ಹೋದರೆ ಹಳೆಯ ಮಹಾದೇವನ ಗುಡಿ. ಅದನ್ನು ನೋಡಲೆಂದೇ ಹೊರಟಿದ್ದೆ. ನಿಲಂಗಾದ ನೀಲಕಂಠೇಶ್ವರನ ಗೋಡೆಯ ಮೇಲೆ ನಮ್ಮ ಬೇಲೂರಿನ ಮದನಿಕೆಯರ ದೂರದ ನೆಂಟರನ್ನು ಗುರುತಿಸಿದ ಮೇಲೆ ನನಗೆ ಹಳೆಯ ಗುಡಿಗಳ ಹುಚ್ಚು ಹಿಡಿದಿತ್ತು. ಉಮರ್ಗಾದ ಸಹೋದ್ಯೋಗಿಯ ತಂದೆ ಗುಡಿ ತೋರಿಸಿದರು. ಆಳಂದದ ಪೇಟೆಯಲ್ಲಿ ದವಸದ ವ್ಯಾಪಾರ ಮಾಡಿದವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಚಹಾ ಕುಡಿದ ಮೇಲೆ, “ಮಾಸ್ತರ, ಕಿಲ್ಲಾರಿ ನೋಡೀರೇನು?” ಎಂದರು. ಇಲ್ಲವೆಂದೆ. ಅವರೇ ಎದ್ದರು.

ಕಿಲ್ಲಾರಿಯಲ್ಲಿ ಭೂಮಿ ನಡುಗಿದ್ದು 1993ರ ಸೆಪ್ಟೆಂಬರ್ 30ರಂದು, ಬೆಳಗಿನ ಜಾವ ನಾಲ್ಕಕ್ಕೆ ನಾಲ್ಕು ನಿಮಿಷ ಕಡಿಮೆ. ಗಣಪತಿ ಕಳಿಸಿ ಬಂದ ಜನ ತಡವಾಗಿ ಮಲಗಿದ್ದರು. ಲಾತೂರಿನ ಔಸಾ, ಉಸ್ಮಾನಾಬಾದಿನ ಉಮರ್ಗಾ, ಈ ಎರಡು ತಾಲ್ಲೂಕುಗಳ ಹಳ್ಳಿಗಳಲ್ಲಿ ಸುಮಾರು ಹತ್ತು ಸಾವಿರ ಜನ ಎದ್ದೇಳಲಿಲ್ಲ. ಕಂಪನದ ಪ್ರಮಾಣ 6ಕ್ಕಿಂತ ಸ್ವಲ್ಪ ಹೆಚ್ಚು. ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಭೂಕಂಪಗಳು ಎಷ್ಟೋ ಆಗಿ, ಅದಕ್ಕಿಂತ ಕಡಿಮೆ ಜನ ಸತ್ತಿದ್ದಾರೆ. ಇಲ್ಲಿ ಕೊಂದದ್ದು ಮನೆ. ಎರಡು ಅಡಿಗಿಂತ ದಪ್ಪನೆಯ ಗುಂಡುಕಲ್ಲಿನ ಗೋಡೆ, ಕಲ್ಲಿನ ನಡುವೆ ಬರೀ ಮಣ್ಣು, ಮೇಲೆ ಮರದ ತೊಲೆ, ಅದರ ಮೇಲೆ ಮತ್ತೆ ಅಡಿಗಟ್ಟಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಈ ಸೀಮೆಯ ಬಿಸಿಲು ಕಂಡವರಿಗೆ ಆ ಮಣ್ಣಿನ ಅರ್ಥ ಗೊತ್ತು. ಅದರ ಕೆಳಗೆ ಮಧ್ಯಾಹ್ನವೂ ತಂಪು.

ಕಿಲ್ಲಾರಿ ನೋಡಿ ಬಂದ ರಾತ್ರಿ ಹಿಮೇಜಿಗೆ ಫೋಟೋ ಕಳಿಸಲಿಲ್ಲ, ಫೋನನ್ನೇ ಮಾಡಿದೆ. ಅವನೂ ಆಟ ಬಿಟ್ಟು ಮಾತಾಡಿದ. ಅವನ ಜಿಲ್ಲಾ ಕೇಂದ್ರ ಕೋಬೆ. ಅಲ್ಲಿ ಭೂಮಿ ನಡುಗಿದ್ದು 1995ರ ಜನವರಿ 17ರಂದು, ಬೆಳಗ್ಗೆ 5.46ಕ್ಕೆ; ಅಲ್ಲಿಯೂ ಜನ ಹಾಸಿಗೆಯಲ್ಲಿದ್ದರು. ಸತ್ತವರು ಆರು ಸಾವಿರದ ನಾನೂರಕ್ಕೂ ಹೆಚ್ಚು. ಹಳೆಯ ಮರದ ಮನೆಗಳ ಮೇಲೆ ಹೆಂಚಿನ ಭಾರವಾದ ಚಾವಣಿ. ಚಂಡಮಾರುತಕ್ಕೆ ಹಾರಿಹೋಗದಿರಲೆಂದು ಹೇರಿದ ಭಾರ. ಕೆಳಗಿನ ತೆಳು ಗೋಡೆ ಅದನ್ನು ಹೊರಲಿಲ್ಲ. ಬಿಸಿಲಿಗೆಂದು ಇವರು, ಗಾಳಿಗೆಂದು ಅವರು, ಗೊತ್ತಿದ್ದ ಶತ್ರುವಿಗಾಗಿ ಮನೆ ಕಟ್ಟಿಕೊಂಡರು. ಬಂದದ್ದು ಗೊತ್ತಿಲ್ಲದ ಶತ್ರು. ಕೋಬೆಯ ಬಂದರಿನಲ್ಲಿ ಸೀಳಿ ವಾಲಿದ ಕಟ್ಟೆಯ ಒಂದು ತುಂಡನ್ನು ರಿಪೇರಿ ಮಾಡದೆ ಹಾಗೆಯೇ ಬಿಟ್ಟಿದ್ದಾರಂತೆ, ನೋಡಿ ನೆನೆಯಲೆಂದು. ಅವನ ಶಾಲೆಯಲ್ಲಿ ಮಕ್ಕಳು ಸೈರನ್ ಆದೊಡನೆ ಮೇಜಿನ ಕೆಳಗೆ ನುಗ್ಗುವುದನ್ನು ಕಲಿಯುತ್ತಾರೆ. ಆ ಹೊತ್ತಿಗೆ ಇವನೇ ತರಗತಿಯ ದಡ್ಡ ವಿದ್ಯಾರ್ಥಿ. ಮೇಜು ಚಿಕ್ಕದು, ಇವನು ಆರಡಿ. ಏನು ಮಾಡಬೇಕೆಂದು ಜಪಾನಿ ಭಾಷೆಯಲ್ಲಿ ಕೂಗಿ ಹೇಳುವವರು ಹನ್ನೆರಡು ವರ್ಷದ ಹುಡುಗಿಯರು.

ಅಂದು ನಾನು ಕಂಡ ಕಿಲ್ಲಾರಿಯಲ್ಲಿ ಹಳೆಯ ಊರು ಬೇರೆ, ಹೊಸ ಊರು ಬೇರೆ. ಹೊಸದರಲ್ಲಿ ಅಗಲವಾದ ರಸ್ತೆ, ಸಾಲು ಮನೆ, ಕಾಂಕ್ರೀಟು. ಸಹೋದ್ಯೋಗಿಯ ತಂದೆ ಅದನ್ನು ತೋರಿಸುತ್ತ, “ಮನಿ ಗಟ್ಟಿ ಅವ ಮಾಸ್ತರ, ಸುಳ್ಳು ಹೇಳಬಾರದು. ಆದರ ಮೊದಲ ನಮ್ಮ ಅಂಗಳದಾಗ ಕೆಮ್ಮಿದರ ಮೂರು ಮನಿಗೆ ಕೇಳತಿತ್ತು. ಈಗ ಕೂಗಿದರೂ ಕೇಳಂಗಿಲ್ಲ,” ಎಂದರು. ಅವರು ಸತ್ತವರ ಬಗ್ಗೆ ಏನೂ ಹೇಳಲಿಲ್ಲ. ಬೇಸಿಗೆಯಲ್ಲಿ ಆ ಕಾಂಕ್ರೀಟು ಎಷ್ಟು ಕಾಯುತ್ತದೆ ಎಂದು ಹೇಳಿದರು, ಮಳೆ ಯಾವಾಗ ಎಂದು ಕೇಳಿದರು, ನನ್ನ ಅಪ್ಪನಿಗೆ ಎಷ್ಟು ಎಕರೆ ಎಂದು ವಿಚಾರಿಸಿದರು. ಇವೆಲ್ಲವನ್ನೂ ಕನ್ನಡದಲ್ಲಿ. ನನಗಾಗಿ ಮಾತ್ರ ಹೊರತೆಗೆದ, ಆಳಂದದ ಪೇಟೆಯಲ್ಲಿ ಬಳಸಿ ಸವೆದ ಕನ್ನಡದಲ್ಲಿ.

ಸೋಮವಾರ ಬಂದೇ ಬರುತ್ತದೆ. ಸಿಲಬಸ್ಸಿನಲ್ಲಿ ‘ನನ್ನ ಭಾನುವಾರ’ ಎಂಬ ಇಂಗ್ಲಿಷ್ ಪ್ರಬಂಧವಿದೆ. ಎಲ್ಲ ಮಕ್ಕಳೂ ಒಂದೇ ಭಾನುವಾರವನ್ನು ಬದುಕಿರುತ್ತಾರೆ: ಬೇಗ ಏಳುತ್ತಾರೆ, ಹಲ್ಲು ಉಜ್ಜುತ್ತಾರೆ, ಅಮ್ಮನಿಗೆ ಸಹಾಯ ಮಾಡುತ್ತಾರೆ, ಟಿ.ವಿ. ನೋಡುತ್ತಾರೆ. ಉದಗೀರದ ನನ್ನ ಹುಡುಗನದು ಮೂರೇ ಸಾಲು. ಭಾನುವಾರ ರಜಾದಿನ, ನನಗೆ ಭಾನುವಾರ ಇಷ್ಟ, ಭಾನುವಾರ ತುಂಬ ಒಳ್ಳೆಯ ದಿನ. ತಪ್ಪು ಒಂದೂ ಇಲ್ಲ. ಹತ್ತಕ್ಕೆ ಎಂಟು ಕೊಡಬೇಕು. ಭಾವೂವನ್ನು ಪಾಣಿಪತಕ್ಕೆ ಕಳಿಸಿ ಕೊಂದ ಹುಡುಗ ಇವನೇನಾ ಎಂದು ಹಾಳೆಯನ್ನು ತಿರುಗಿಸಿ ನೋಡಿದೆ. ಹಿಮೇಜಿಯಲ್ಲೂ ಅದೇ ಕತೆಯಂತೆ: ಮೇಜಿನ ಕೆಳಗಿನಿಂದ ಅಷ್ಟು ಚುರುಕಾಗಿ ಅಪ್ಪಣೆ ಕೊಟ್ಟ ಹುಡುಗಿ ಇಂಗ್ಲಿಷ್ ಪೀರಿಯಡ್ಡಿನಲ್ಲಿ ‘ನಾನು ಚೆನ್ನಾಗಿದ್ದೇನೆ, ಧನ್ಯವಾದ’ ಎಂದು ಕೂತುಬಿಡುತ್ತಾಳೆ.

ಆದ್ದರಿಂದ ಪ್ರಶ್ನೆಯನ್ನೇ ಬದಲಿಸಿದೆ. ‘ಸರ್‌ಗೆ ಈ ಊರಿನಲ್ಲಿ ಏನೂ ಗೊತ್ತಿಲ್ಲ. ಮುಂದಿನ ಭಾನುವಾರ ಅವರನ್ನು ಎಲ್ಲಿಗೆ ಕರೆದೊಯ್ಯುತ್ತೀರಿ, ಯಾಕೆ, ಏನು ತಿನ್ನಿಸುತ್ತೀರಿ, ಬರೆಯಿರಿ.’ ಮೂರು ಸಾಲಿನ ಹುಡುಗ ಎರಡು ಪುಟ ಬರೆದ. ಕರ್ತೃ ಒಂದು ಕಡೆ, ಕ್ರಿಯಾಪದ ಇನ್ನೊಂದು ಕಡೆ, ನಡುವೆ ಕಂದಕ. ಇಂಗ್ಲಿಷಿನಲ್ಲಿ ಇಲ್ಲದ ಪದಗಳಿಗೆ ಮರಾಠಿಯಿಂದ ಕುಮ್ಮಕ್ಕು ತರಿಸಿದ್ದ. ಕೆಂಪು ಪೆನ್ನು ಎತ್ತಿದರೆ ಹಾಳೆಯಲ್ಲಿ ನೀಲಿ ಉಳಿಯುವಂತಿರಲಿಲ್ಲ. ಹತ್ತಕ್ಕೆ ಒಂಬತ್ತು ಹಾಕಿದೆ. ಸಂಸ್ಥೆಯವರು ಕಾರಣ ಕೇಳಿದರು. ಹುಡುಗನಿಗೆ ಈಗ ತಪ್ಪು ಮಾಡುವಷ್ಟು ಇಂಗ್ಲಿಷ್ ಬಂದಿದೆ ಎಂದೆ.